ಮನೆಯೊಳಗಿನ ಬೋನ್ಸಾಯ್: ಯಾವ ಮರ, ಯಾವ ಜಾಗ, ಯಾವ ಮಣ್ಣು

ಬೋನ್ಸಾಯ್ ತರಬೇಕು ಅಂದುಕೊಂಡವರು ಮೊದಲು ಕೇಳುವುದು "ಯಾವ ಮರ ತಗೊಳ್ಳಲಿ?" ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮನೆಯ ಯಾವ ಕಿಟಕಿಗೆ ಬಿಸಿಲು ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ? ಗಿಡಗಳ ವಿಷಯದಲ್ಲಿ ನಿಮ್ಮ ಕೈ ಎಂಥದ್ದು?

ಎರಡನೆಯ ಪ್ರಶ್ನೆಗೆ ಹೆಚ್ಚಿನವರು ನಗುತ್ತಾರೆ. ನನಗೆ ಮಾತ್ರ ಅದೇ ಮುಖ್ಯ. ಕೆಲವರ ಕೈ ಸುಮ್ಮನಿರುವುದಿಲ್ಲ. ಕುಂಡದ ಮುಂದೆ ಹಾದುಹೋದಾಗಲೆಲ್ಲ ಒಂದು ಲೋಟ ನೀರು ಸುರಿಯುತ್ತದೆ. ಇನ್ನು ಕೆಲವರದು ಮರೆಯುವ ಕೈ. ಎಲೆ ಜೋತುಬಿದ್ದ ಮೇಲೆಯೇ ಗಿಡದ ನೆನಪಾಗುವುದು. ಎರಡಕ್ಕೂ ಹೊಂದುವ ಮರ ಇದೆ, ಮಣ್ಣಿದೆ, ಕುಂಡವೂ ಇದೆ. ಕೈಗೆ ಹೊಂದದ ಮರ ತಂದಾಗ ಕಷ್ಟ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಈ ಎರಡು ಪ್ರಶ್ನೆಗಳ ತಕ್ಕಡಿಯಲ್ಲಿಟ್ಟು ನೋಡಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಬೋನ್ಸಾಯ್ ಅನ್ನುವುದು ಗಿಡ್ಡ ತಳಿಯ ಹೆಸರಲ್ಲ. ಜಪಾನೀ ಭಾಷೆಯಲ್ಲಿ 'ಬೋನ್' ಅಂದರೆ ತಟ್ಟೆಯಂಥ ಕುಂಡ, 'ಸಾಯ್' ಅಂದರೆ ನೆಡುವುದು. ಕುಂಡದಲ್ಲಿ ಮರ ಬೆಳೆಸುವ ಈ ಪದ್ಧತಿ ಚೀನಾದಿಂದ ಜಪಾನಿಗೆ ಹೋದದ್ದು. ಅಂದರೆ ನಿಮ್ಮ ಮೇಜಿನ ಮೇಲಿರುವ ಒಂದಡಿ ಮರವೂ ಬಯಲಿನಲ್ಲಿ ಆಳೆತ್ತರ ದಾಟಿ ಬೆಳೆಯುವ ಮರವೇ. ಕುಡಿ ಚಿವುಟಿ, ಬೇರು ಕತ್ತರಿಸಿ ಅದನ್ನು ಚಿಕ್ಕದಾಗಿ ಇಟ್ಟು, ಕೊಂಬೆಗೆ ತಂತಿ ಸುತ್ತಿ ಬಾಗಿಸಿ ಆಕಾರ ಕೊಟ್ಟಿರುತ್ತಾರೆ, ಅಷ್ಟೇ. ಗಾತ್ರ ಕುಗ್ಗಿತು ಅಂತ ಅದರ ಸ್ವಭಾವ ಬದಲಾಗುವುದಿಲ್ಲ. ಬಿಸಿಲು ಬೇಡುವ ಮರ ಬಿಸಿಲನ್ನೇ ಬೇಡುತ್ತದೆ. ಚಳಿಗಾಲದಲ್ಲಿ ನಿದ್ದೆ ಮಾಡುವ ಮರಕ್ಕೆ ಆ ನಿದ್ದೆ ಬೇಕೇ ಬೇಕು.

ನಾನು ಇದನ್ನು ಕಲಿತದ್ದು ಒಂದು ಜೂನಿಪರ್‌ನಿಂದ. ಅದು ನನ್ನ ಮೊದಲ ಬೋನ್ಸಾಯ್. "ಆರಾಮಾಗಿ ಮೇಜಿನ ಮೇಲೆ ಇಡಿ" ಅಂದಿದ್ದರು ಮಾರಿದವರು. ನಾನು ಹಾಗೇ ಇಟ್ಟೆ. ಎರಡು ತಿಂಗಳು ಹಸಿರಾಗಿಯೇ ಇತ್ತು. ಒಂದು ದಿನ ಕೊಂಬೆ ಮುಟ್ಟಿದರೆ ಎಲೆಗಳು ಒಣ ಹುಲ್ಲಿನ ಹಾಗೆ ಪುಡಿಯಾಗಿ ಬಿದ್ದವು. ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರು ಬಣ್ಣ ಹಿಡಿದಿರುತ್ತದೆ ಅಂತ ಆಮೇಲೆ ತಿಳಿಯಿತು. ನಾನು ನೀರು ಹಾಕುತ್ತಿದ್ದ ಕೊನೆಯ ಕೆಲವು ವಾರ ಅದರಲ್ಲಿ ಜೀವವೇ ಇರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಮರ ಆರಿಸುವುದು

ಮೊದಲು ಗೆರೆ ಎಳೆದುಬಿಡೋಣ. ಜೂನಿಪರ್, ಪೈನ್, ಜಪಾನೀ ಮೇಪಲ್ ಇವು ಹೊರಗಿನ ಮರಗಳು. ಅಂಗಳ, ತಾರಸಿ ಅಥವಾ ತೆರೆದ ಬಾಲ್ಕನಿ ಇದ್ದು, ಚಳಿಗಾಲ ನಿಜವಾಗಿಯೂ ಚಳಿಯಾಗಿರುವ ಕಡೆ ಇದ್ದರೆ ಮಾತ್ರ ಇವುಗಳ ಯೋಚನೆ ಮಾಡಿ. ಕೋಣೆಯೊಳಗೆ ಇಡುವವರು ಎಷ್ಟೇ ಆಸೆಯಾದರೂ ಬಿಟ್ಟುಬಿಡಿ. ಒಳಗೆ ಬಾಳುವ ಬೋನ್ಸಾಯ್‌ಗಳೆಲ್ಲ ಬೆಚ್ಚಗಿನ ನಾಡುಗಳಿಂದ ಬಂದವು, ಇಲ್ಲವೇ ಬೆಚ್ಚಗಿನ ಕೋಣೆಗೆ ಹೊಂದಿಕೊಳ್ಳಬಲ್ಲವು.

ಅವುಗಳಲ್ಲಿ ಫೈಕಸ್‌ಗೆ ನನ್ನ ಮೊದಲ ಮತ. ಆಲ, ಅರಳಿ, ಅತ್ತಿಗಳ ಬಳಗದ್ದೇ ಇದು. ಬೋನ್ಸಾಯ್‌ಗೆ ಹೆಚ್ಚಾಗಿ ಬಳಸುವುದು ಫೈಕಸ್ ಮೈಕ್ರೋಕಾರ್ಪಾ. ಕೋಣೆಯ ಒಣ ಗಾಳಿಯನ್ನು ತಡೆದುಕೊಳ್ಳುತ್ತದೆ, ಬೆಳಕು ಸ್ವಲ್ಪ ಕಡಿಮೆಯಾದರೂ ಸಾಯುವುದಿಲ್ಲ, ಎಲ್ಲಿ ಕತ್ತರಿಸಿದರೂ ಚಿಗುರು ಒಡೆಯುತ್ತದೆ. ಕತ್ತರಿ ಹಾಕಿದ ಕಡೆ ಬಿಳಿ ಸೊನೆ ಒಸರುತ್ತದೆ. ಹೆದರಬೇಡಿ, ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಗಾಳಿಯಲ್ಲಿ ತೇವ ಚೆನ್ನಾಗಿರುವ ಕಡೆ ಇದಕ್ಕೆ ಬಿಳಲೂ ಇಳಿಯುತ್ತದೆ. ಒಂದಡಿ ಮರದಿಂದ ದಾರದಷ್ಟು ತೆಳ್ಳಗಿನ ಬಿಳಲು ಮಣ್ಣು ಮುಟ್ಟುವುದನ್ನು ನೋಡುವ ಖುಷಿಯೇ ಬೇರೆ. ಇದಕ್ಕೆ ಆಗದ್ದು ಎರಡು: ಚಳಿ, ಮತ್ತು ಪದೇ ಪದೇ ಜಾಗ ಬದಲಿಸುವುದು. ಕೋಣೆ 12 ಡಿಗ್ರಿಗಿಂತ ತಣ್ಣಗಾದರೆ ಮುದುಡಿಕೊಳ್ಳುತ್ತದೆ. ಇಲ್ಲಿಂದ ಅಲ್ಲಿಗೆ ಎತ್ತಿಟ್ಟರೆ ಎಲೆ ಉದುರಿಸುತ್ತದೆ.

ಅಂಗಡಿಗಳಲ್ಲಿ 'ಜಿನ್ಸೆಂಗ್ ಫೈಕಸ್' ಅಂತ ಸಿಗುವುದೂ ಇದೇ ಮರ. ಗೆಣಸಿನ ಹಾಗೆ ಊದಿಕೊಂಡ ಬೇರುಗಳು ಮಣ್ಣಿನ ಮೇಲೆ ನಿಂತಿರುತ್ತವೆ. ಅವುಗಳ ನೆತ್ತಿಗೆ ಸಣ್ಣ ಎಲೆಯ ಕೊಂಬೆಗಳನ್ನು ಕಸಿ ಮಾಡಿರುತ್ತಾರೆ. ಕಸಿಯ ಕೆಳಗೆ ಚಿಗುರು ಬಂದರೆ ಅದರ ಎಲೆ ಬೇರೆ ಥರ ಇರುತ್ತದೆ. ಚಿವುಟಿ ಹಾಕದಿದ್ದರೆ ಮರದ ಬಲವನ್ನೆಲ್ಲ ಆ ಚಿಗುರೇ ಎಳೆದುಕೊಳ್ಳುತ್ತದೆ. ಗಟ್ಟಿ ಗಿಡ, ಬೇಗ ಸಾಯುವುದಿಲ್ಲ. ಅನುಭವ ಇಲ್ಲದವರು ಧೈರ್ಯವಾಗಿ ತರಬಹುದು. ನೋಟಕ್ಕೆ ಮಾತ್ರ ಅದು ಮರದ ಹಾಗೆ ಕಾಣಬೇಕಾದರೆ ತುಂಬಾ ವರ್ಷ ಬೇಕು.

ಮರೆಯುವ ಕೈಯವರಿಗೆ ಜೇಡ್. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳು ಸಿಗುತ್ತವೆ, ಗೊತ್ತಿರಲಿ. ದಪ್ಪ, ದೊಡ್ಡ ಎಲೆಯದು ಕ್ರಾಸುಲಾ. ಉಗುರಿನಷ್ಟು ಪುಟ್ಟ ದುಂಡನೆಯ ಎಲೆ, ಕೆಂಪು ಛಾಯೆಯ ಎಳೆ ಕಾಂಡ ಇದ್ದರೆ ಅದು ಪೋರ್ಚುಲಕೇರಿಯಾ. ಎರಡೂ ಆಫ್ರಿಕಾದ ದಕ್ಷಿಣ ಭಾಗದವು, ಎರಡೂ ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುತ್ತವೆ. ಬೋನ್ಸಾಯ್‌ಗೆ ಎರಡನೆಯದು ಎಷ್ಟೋ ವಾಸಿ. ಎಲೆ ಚಿಕ್ಕದು, ಕುಡಿ ಚಿವುಟಿದ ಕಡೆ ಎರಡು ಕವಲು ಒಡೆಯುತ್ತದೆ, ಒಂದೆರಡು ವರ್ಷದಲ್ಲಿ ತಲೆ ತುಂಬಿಕೊಳ್ಳುತ್ತದೆ. ನೀರು ಬೇಕೋ ಬೇಡವೋ ಅಂತ ಅದರ ಎಲೆಯೇ ಹೇಳುತ್ತದೆ. ಎರಡು ಬೆರಳಲ್ಲಿ ಮೆಲ್ಲಗೆ ಹಿಚುಕಿ ನೋಡಿ. ಗಟ್ಟಿಯಾಗಿದ್ದರೆ ಸುಮ್ನೆ ಬಿಡಿ. ಮೆತ್ತಗಾಗಿ, ಮೇಲೆ ಸಣ್ಣ ಸುಕ್ಕು ಕಂಡರೆ ನೀರು ಹಾಕಿ. ಆದರೆ ಇದಕ್ಕೆ ಬಿಸಿಲು ಬೇಕು. ಕತ್ತಲ ಮೂಲೆಯಲ್ಲಿಟ್ಟರೆ ಸೊರಗಿ, ಗೆಣ್ಣಿನಿಂದ ಗೆಣ್ಣಿಗೆ ಉದ್ದುದ್ದ ಎಳೆದುಕೊಳ್ಳುತ್ತದೆ. ಸುಮ್ಮನಿರದ ಕೈಯವರು ದಯವಿಟ್ಟು ಜೇಡ್ ತರಬೇಡಿ. ಅದರ ಬೇರು ಕೊಳೆಯುವುದಕ್ಕೆ ಜಾಸ್ತಿ ದಿನ ಬೇಡ.

ಮರದ ಚೆಲುವೇ ಮುಖ್ಯ ಅನ್ನುವವರಿಗೆ ಚೈನೀಸ್ ಎಲ್ಮ್. ಅಂಚಿನಲ್ಲಿ ಗರಗಸದ ಹಲ್ಲಿರುವ ಪುಟ್ಟ ಎಲೆ, ನವಿರಾದ ರೆಂಬೆ. ಚಿಕ್ಕ ವಯಸ್ಸಿಗೇ ಹಳೆಯ ಮರದ ಕಳೆ ಬಂದುಬಿಡುತ್ತದೆ. ಬೆಚ್ಚಗಿದ್ದರೆ ಎಲೆ ಉಳಿಸಿಕೊಳ್ಳುತ್ತದೆ, ಚಳಿಯಲ್ಲಿಟ್ಟರೆ ಉದುರಿಸಿ ನಿದ್ದೆ ಹೋಗುತ್ತದೆ. ಒಳಗೂ ಸೈ, ಹೊರಗೂ ಸೈ. ಫೈಕಸ್‌ಗಿಂತ ಬಾಯಾರಿಕೆ ಜಾಸ್ತಿ, ಬೆಳಕೂ ಜಾಸ್ತಿ ಬೇಕು, ಒಣ ಕೋಣೆಯಲ್ಲಿ ನುಸಿ ಬೇಗ ಹತ್ತುತ್ತದೆ. ದಿನಾ ಗಿಡದ ಮುಂದೆ ಎರಡು ನಿಮಿಷ ನಿಲ್ಲುವವರಿಗೆ ಇದು ಸರಿಯಾದ ಜೋಡಿ.

ಕಾರ್ಮೋನಾ, ಸೆರಿಸ್ಸಾ ಎರಡೂ ಪುಟ್ಟ ಬಿಳಿ ಹೂವಿನವು. ನೋಡಿದವರು ಮರುಳಾಗುತ್ತಾರೆ, ತಪ್ಪಿಲ್ಲ. ಆದರೆ ಸೆರಿಸ್ಸಾ ನೀರು, ಬೆಳಕು, ಜಾಗ ಯಾವುದು ಬದಲಾದರೂ ಎಲೆ ಉದುರಿಸುತ್ತದೆ. ಕಾರ್ಮೋನಾಗೆ ಚಳಿಯೂ ಆಗದು, ಮಣ್ಣು ಪೂರ್ತಿ ಒಣಗುವುದೂ ಆಗದು. ಮೊದಲ ಮರವಾಗಿ ಇವು ಬೇಡ. ಫೈಕಸ್ ಒಂದೆರಡು ವರ್ಷ ಬಾಳಿದ ಮೇಲೆ ತನ್ನಿ.

ಬೆಳಕು: ಕಿಟಕಿ, ಹೊರಗೆ, ದೀಪ

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ನಮಗೆ ಸುಳ್ಳು ಹೇಳುತ್ತದೆ. ಕೋಣೆಯ ನಡುವೆ ಪುಸ್ತಕ ಓದಲು ಸಾಕಾಗುವ ಬೆಳಕು ಮರಕ್ಕೆ ಹೆಚ್ಚು ಕಡಿಮೆ ಕತ್ತಲೆ. ಕಿಟಕಿಯಿಂದ ಒಂದು ಮೀಟರ್ ಒಳಗೆ ಸರಿಸಿದರೂ ಸಾಕು, ಬೆಳಕು ಬಹಳ ಇಳಿದುಹೋಗುತ್ತದೆ. ಹಾಗಾಗಿ ಟೀವಿ ಪಕ್ಕ, ಪುಸ್ತಕದ ಕಪಾಟಿನ ಮೇಲೆ ಅನ್ನುವ ಯೋಚನೆ ಬೇಡ. ಕಿಟಕಿಯ ಕಟ್ಟೆಯೇ ಆಗಬೇಕು.

ಪೂರ್ವದ ಕಿಟಕಿ ಸಿಕ್ಕಿದರೆ ಅದೃಷ್ಟ. ಬೆಳಗಿನ ಬಿಸಿಲು ಎಲೆ ಸುಡುವುದಿಲ್ಲ, ಫೈಕಸ್ ಮತ್ತು ಎಲ್ಮ್ ಎರಡಕ್ಕೂ ಹಿತ. ಪಶ್ಚಿಮದ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿ ಜೋರು. ಜೇಡ್‌ಗೆ ಅದೇ ಸುಖ. ಉಳಿದವುಗಳಿಗೆ ಬೇಸಿಗೆಯಲ್ಲಿ ತೆಳುವಾದ ಪರದೆ ಎಳೆಯಿರಿ. ಎಲ್ಲಿಟ್ಟರೂ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಇಲ್ಲದಿದ್ದರೆ ಗಾಜಿನ ಕಡೆಯ ಅರ್ಧ ಮರ ತುಂಬಿಕೊಂಡು, ಕೋಣೆಯ ಕಡೆಯ ಅರ್ಧ ಬೋಳಾಗುತ್ತದೆ.

ಬೇಸಿಗೆಯ ಕೆಲವು ತಿಂಗಳು ಹೊರಗೆ, ಉಳಿದಂತೆ ಒಳಗೆ ಇಡುವುದು ಇನ್ನೊಂದು ದಾರಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯದು. ಹೊರಗೆ ಕಳೆದ ಆ ತಿಂಗಳುಗಳಲ್ಲಿ ಕಾಂಡ ದಪ್ಪಗಾಗುವುದು, ಎಲೆ ಚಿಕ್ಕದಾಗಿ ದಟ್ಟವಾಗುವುದು ಕಣ್ಣಿಗೇ ಕಾಣುತ್ತದೆ. ಒಂದೇ ದಿನ ಒಳಗಿನಿಂದ ಬಿಸಿಲಿಗೆ ತಂದು ನಿಲ್ಲಿಸಬೇಡಿ. ಮೊದಲ ವಾರ ನೆರಳು, ಎರಡನೆಯ ವಾರ ಬೆಳಗಿನ ಬಿಸಿಲು, ಆಮೇಲೆ ಅದರ ಜಾಗ.

ಒಳ್ಳೆಯ ಕಿಟಕಿಯೇ ಇಲ್ಲದವರಿಗೆ ಗಿಡ ಬೆಳೆಸುವ ಎಲ್‌ಇಡಿ ದೀಪ ಇದೆ. ಮರದ ತಲೆಯಿಂದ ಸುಮಾರು ಒಂದಡಿ ಮೇಲೆ ತೂಗುಹಾಕಿ ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕು. ಟೈಮರ್ ಹಾಕಿಬಿಟ್ಟರೆ ಮರೆಯುವ ಕೈಯವರಿಗೂ ತೊಂದರೆ ಇಲ್ಲ. ಕತ್ತಲ ಮನೆಯಲ್ಲಿ ದೀಪದ ಕೆಳಗಿನ ಫೈಕಸ್, ಮಸುಕು ಕಿಟಕಿಯ ಫೈಕಸ್‌ಗಿಂತ ಖಂಡಿತ ಚೆನ್ನಾಗಿರುತ್ತದೆ.

ನೀರು: ದಿನ ಲೆಕ್ಕವೋ, ಹದ ನೋಡುವುದೋ

"ಎರಡು ದಿನಕ್ಕೊಮ್ಮೆ ನೀರು ಹಾಕಿ" ಅಂತ ಗಿಡದ ಜೊತೆ ಒಂದು ಚೀಟಿ ಕೊಡುತ್ತಾರೆ. ಆ ಚೀಟಿಯನ್ನು ನಂಬಿ ಹೋದ ಮರಗಳು ಎಷ್ಟೋ. ಮೋಡ ಮುಚ್ಚಿದ ವಾರದಲ್ಲಿ ಮಣ್ಣು ನಾಲ್ಕು ದಿನವಾದರೂ ಒದ್ದೆ ಇರುತ್ತದೆ. ಬಿಸಿಗಾಳಿಯ ದಿನ ಬೆಳಿಗ್ಗೆ ಹಾಕಿದ್ದು ಸಂಜೆಗೆ ಇರುವುದಿಲ್ಲ. ದಿನ ಎಣಿಸಿ ಹಾಕುವವರಿಗಿಂತ ಹದ ನೋಡಿ ಹಾಕುವವರ ಮರವೇ ಬಾಳುತ್ತದೆ. ಇಲ್ಲಿ ನಾನು ಎರಡು ಮಾತಾಡುವುದಿಲ್ಲ.

ಹದ ನೋಡಲು ಬೆರಳು ಸಾಕು, ಒಂದೆರಡು ಸೆಂಟಿಮೀಟರ್ ಆಳಕ್ಕೆ ಹೋದರೆ ಆಯಿತು. ಕಲಿಯುವ ದಿನಗಳಲ್ಲಿ ಬಿದಿರಿನ ಕಡ್ಡಿ ಇನ್ನೂ ಒಳ್ಳೆಯದು. ಕಾಂಡಕ್ಕೂ ಕುಂಡದ ಅಂಚಿಗೂ ನಡುವೆ ಕಡ್ಡಿಯನ್ನು ಮೆಲ್ಲಗೆ ಇಳಿಸಿ ಹತ್ತು ನಿಮಿಷ ಬಿಡಿ. ಹೊರಗೆ ತೆಗೆದು ನೋಡಿ. ನೀರು ಕುಡಿದಷ್ಟು ಭಾಗ ಕಪ್ಪಗಾಗಿರುತ್ತದೆ. ಅನುಮಾನವಿದ್ದರೆ ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗಿದ್ದರೆ ಒಳಗೆ ತೇವ ಇದೆ, ಇವತ್ತು ನೀರು ಬೇಡ. ಮೇಲೆ ಒಣಗಿ ತುದಿ ಮಾತ್ರ ಸ್ವಲ್ಪ ತಂಪಾಗಿದ್ದರೆ ಫೈಕಸ್‌ಗೂ ಎಲ್ಮ್‌ಗೂ ಈಗ ಹಾಕುವ ಹೊತ್ತು. ಪೂರ್ತಿ ಒಣಗಿದ್ದರೆ ಜೇಡ್‌ಗೆ ಸರಿ, ಬೇರೆಯವಕ್ಕೆ ತಡವಾಗಿದೆ. ಒಂದು ತಿಂಗಳು ಹೀಗೆ ಮಾಡಿದರೆ ಆಮೇಲೆ ಕುಂಡ ಎತ್ತಿದಾಗಲೇ ಅದರ ಭಾರದಿಂದ ಗೊತ್ತಾಗುತ್ತದೆ.

ಮೇಲಿನಿಂದ ಹಾಕುವುದೋ, ಕುಂಡವನ್ನೇ ನೀರಲ್ಲಿ ಮುಳುಗಿಸುವುದೋ? ದಿನನಿತ್ಯಕ್ಕೆ ಮೇಲಿನಿಂದ. ಸಣ್ಣ ತೂತಿನ ಹೂಜಿಯಲ್ಲಿ, ತಳದ ತೂತಿನಿಂದ ನೀರು ಹರಿಯುವವರೆಗೆ ಹಾಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಹೀಗೆ ಹಾಕಿದಾಗ ಮಣ್ಣಿನಲ್ಲಿ ಸೇರಿದ ಉಪ್ಪೂ ತೊಳೆದುಹೋಗುತ್ತದೆ. ಅರ್ಧ ಲೋಟ ಚಿಮುಕಿಸಿ ಮೇಲೆ ಒದ್ದೆ ಮಾಡುವುದರಿಂದ ಏನೂ ಆಗದು. ಮುಳುಗಿಸುವುದು ಮಣ್ಣು ಬರಡಾಗಿ ಒಣಗಿದ ದಿನಕ್ಕೆ ಮೀಸಲು. ಅಂಥ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ಮೇಲೆ ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ಹೊರಗೆ ಹೋಗುತ್ತದೆ, ಬೇರಿನ ಉಂಡೆ ಒಣಗಿದ್ದು ಒಣಗಿದಂತೆಯೇ ಇರುತ್ತದೆ. ಆಗ ಬಕೆಟ್ಟಿನಲ್ಲಿ ಕುಂಡದ ಅಂಚು ಮುಳುಗುವಷ್ಟು ನೀರು ತುಂಬಿ ಇಳಿಸಿ. ಗುಳುಗುಳು ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಎತ್ತಿ ಬಸಿಯಲು ಬಿಡಿ.

ಎಲೆಗೆ ನೀರು ಸಿಂಪಡಿಸಿದರೆ ಧೂಳು ಹೋಗುತ್ತದೆ, ಆದರೆ ಬೇರಿಗೆ ಹಾಕುವ ನೀರಿನ ಬದಲಿಗೆ ಅದು ನಡೆಯುವುದಿಲ್ಲ. ಕುಂಡದ ಕೆಳಗಿನ ಕಲ್ಲು ತುಂಬಿದ ತಟ್ಟೆಯಿಂದ ಗಾಳಿಯ ತೇವ ಹೆಚ್ಚುವುದು ಅಷ್ಟಕ್ಕಷ್ಟೆ. ಮೇಜು ಒದ್ದೆಯಾಗದಿರಲು ಬೇಕಾದರೆ ಇಡಿ, ಕುಂಡದ ಬುಡ ಮಾತ್ರ ನೀರಲ್ಲಿ ನಿಲ್ಲಬಾರದು.

ಮಣ್ಣು: ಮೆತ್ತನೆಯದೋ, ಹರಳು ಹರಳಾದದ್ದೋ

ಹೆಚ್ಚಿನವರು ಬೋನ್ಸಾಯ್ ಕಳೆದುಕೊಳ್ಳುವುದು ಇಲ್ಲಿ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿಕೊಂಡೇ ಇದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ. ಅಲ್ಲಿಗೆ ಮುಗಿಯಿತು.

ಒಂದು ಪರೀಕ್ಷೆ ಮಾಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಮಲಗಿಸಿದ ಹಾಗೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ನೆಟ್ಟಗೆ ತಿರುಗಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ. ಎತ್ತರ ಹೆಚ್ಚಾದ ಕೂಡಲೇ ಹಿಡಿದಿಟ್ಟ ನೀರು ಕಡಿಮೆಯಾಯಿತು. ಕುಂಡದಲ್ಲೂ ಹೀಗೆಯೇ. ನೀರೆಲ್ಲ ಬಸಿದ ಮೇಲೂ ತಳದಲ್ಲಿ ಒಂದು ಪದರ ತೊಯ್ದೇ ಉಳಿಯುತ್ತದೆ. ಆ ಪದರದ ಎತ್ತರ ಮಣ್ಣಿನ ಕಣದ ಗಾತ್ರಕ್ಕೆ ತಕ್ಕಂತೆ ಇರುತ್ತದೆ, ಕುಂಡ ಎಷ್ಟು ಆಳ ಅನ್ನುವುದಕ್ಕಲ್ಲ. ಆಳದ ಕುಂಡದಲ್ಲಿ ಅದು ತಳದ ಒಂದು ಭಾಗ ಮಾತ್ರ. ಎರಡು ಇಂಚಿನ ಬೋನ್ಸಾಯ್ ತಟ್ಟೆಯಲ್ಲಿ ಅದೇ ಪದರ ಅರ್ಧಕ್ಕರ್ಧ ಬೇರನ್ನು ಮುಳುಗಿಸಿಬಿಡಬಹುದು. ತಟ್ಟೆ ಕುಂಡಕ್ಕೆ ತೋಟದ ಮಣ್ಣು ಯಾಕೆ ಆಗುವುದಿಲ್ಲ ಅಂದರೆ ಇದಕ್ಕೇ. ತಳದಲ್ಲಿ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಅನ್ನುವುದೂ ನಿಜವಲ್ಲ. ತೊಯ್ದ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ಹರಳು ಮಣ್ಣಿನಲ್ಲಿ ಕಣಗಳು 3ರಿಂದ 6 ಮಿಲಿಮೀಟರ್ ಇರುತ್ತವೆ. ಅಕಡಾಮಾ ಅನ್ನುವ ಜಪಾನೀ ಜೇಡಿಮಣ್ಣಿನ ಹರಳು, ಪ್ಯೂಮಿಸ್ ಅನ್ನುವ ಹಗುರವಾದ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲಿನ ಚೂರು ಮೂರನ್ನೂ ಸಮ ಸಮ ಬೆರೆಸುವುದು ಹೆಸರಾದ ಮಿಶ್ರಣ. ಅವು ಸಿಗದಿದ್ದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಚೂರು, ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು, ದಪ್ಪ ಮರಳಿನ ಹರಳು ಬಳಸಿದರೂ ಕೆಲಸ ನಡೆಯುತ್ತದೆ. ಏನೇ ಬಳಸಿ, ಜರಡಿ ಹಿಡಿದು ಧೂಳು ತೆಗೆಯುವುದನ್ನು ಬಿಡಬೇಡಿ. ಆ ಧೂಳೇ ಕೆಳಗಿಳಿದು ಸಂದಿ ಮುಚ್ಚುವುದು. ಇಂಥ ಮಣ್ಣಿನಲ್ಲಿ ಜಾಸ್ತಿ ನೀರು ಹಾಕಿ ಮರ ಕೊಲ್ಲುವುದು ಕಷ್ಟ. ಬದಲಿಗೆ ಬೇಸಿಗೆಯಲ್ಲಿ ದಿನಾ ನೀರು ಬೇಕಾಗಬಹುದು. ಗೊಬ್ಬರವನ್ನೂ ಹಿಡಿದಿಟ್ಟುಕೊಳ್ಳುವುದು ಕಡಿಮೆ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ ಜಾಸ್ತಿ ಇರುವ ಮೆತ್ತನೆಯ ಮಣ್ಣು ಇದಕ್ಕೆ ತಿರುಗುಮುರುಗು. ನೀರು ಹಿಡಿಯುತ್ತದೆ, ಎರಡು ದಿನ ಊರಿಗೆ ಹೋಗಿ ಬಂದರೂ ಮರ ಇರುತ್ತದೆ. ಕಾಲ ಕಳೆದಂತೆ ಕುಸಿದು ಗಟ್ಟಿಯಾಗುತ್ತದೆ.

ಬೋನ್ಸಾಯ್ ಬೆಳೆಸುವವರಲ್ಲಿ ಅನೇಕರು ಎಲ್ಲರಿಗೂ ಹರಳು ಮಣ್ಣೇ ಸರಿ ಅನ್ನುತ್ತಾರೆ. ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ಸುಮ್ಮನಿರದ ಕೈಗೆ ಹೌದು, ಪೂರ್ತಿ ಹರಳು ಮಣ್ಣು. ಜೇಡ್‌ಗೆ ಯಾರ ಕೈಯಲ್ಲಿದ್ದರೂ ಹರಳು ಮಣ್ಣು. ಆದರೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವವರು ಫೈಕಸ್ ಇಟ್ಟಿದ್ದರೆ ಅರ್ಧ ಹರಳು, ಅರ್ಧ ಕೋಕೋಪೀಟ್ ಮತ್ತು ಗೊಬ್ಬರ ಹಾಕಿಕೊಳ್ಳಿ. ನಿಮ್ಮ ದಿನಚರಿ ಮರಕ್ಕಾಗಿ ಬದಲಾಗುವುದಿಲ್ಲ, ಮಣ್ಣನ್ನು ಬದಲಿಸಬಹುದು ಅಲ್ವಾ?

ಕುಂಡ ಮತ್ತು ಬೇರು

ಕುಂಡದಲ್ಲಿ ನೋಡಬೇಕಾದದ್ದು ತೂತು ಮತ್ತು ಆಳ. ತೂತಿಲ್ಲದ ಅಂದದ ಕುಂಡವನ್ನು ಯಾರಾದರೂ ಉಡುಗೊರೆ ಕೊಟ್ಟರೆ ತೂತು ಕೊರೆಸಿ ಬಳಸಿ. ಮೆರುಗು ಹಚ್ಚಿದ್ದೋ ಹಚ್ಚದ್ದೋ ಅನ್ನುವುದು ಬಹುಮಟ್ಟಿಗೆ ನೋಟದ ಮಾತು. ಹೂ ಬಿಡುವ, ಎಲೆ ಉದುರಿಸುವ ಮರಗಳಿಗೆ ಮೆರುಗಿನ ಬಣ್ಣದ ಕುಂಡ, ಪೈನ್ ಜಾತಿಗೆ ಮೆರುಗಿಲ್ಲದ ಕಂದು ಕುಂಡ ಅನ್ನುವುದು ವಾಡಿಕೆ. ಆರೋಗ್ಯದ ಲೆಕ್ಕದಲ್ಲಿ ಆಳವೇ ದೊಡ್ಡದು. ಇನ್ನೂ ಕಾಂಡ ದಪ್ಪವಾಗಬೇಕಿರುವ ಎಳೆಯ ಮರವನ್ನು ತಟ್ಟೆಗೆ ಹಾಕುವ ಅವಸರ ಬೇಡ. ಆಳದ ಕುಂಡದಲ್ಲಿ ನಾಲ್ಕು ವರ್ಷ ಬೆಳೆಯಲಿ. ಮರೆಯುವ ಕೈಯವರು ಬೇಕಾದರೆ ಯಾವಾಗಲೂ ಅಲ್ಲೇ ಇಟ್ಟುಕೊಳ್ಳಬಹುದು.

ಎಳೆಯ ಮರಕ್ಕೆ ಎರಡು ವರ್ಷಕ್ಕೊಮ್ಮೆ, ಬಲಿತದ್ದಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕು. ಬೇರು ಕುಂಡದ ಗೋಡೆಗುಂಟ ಸುತ್ತಿಕೊಂಡಿದ್ದರೆ ಹೊತ್ತು ಬಂತು ಅಂತ. ಮೂರನೇ ಒಂದು ಭಾಗದಷ್ಟು ಬೇರು ಕತ್ತರಿಸಬಹುದು. ಎಲ್ಮ್‌ಗೆ ವಸಂತದ ಮೊದಲಲ್ಲಿ, ಮೊಗ್ಗು ಬಿರಿಯುವ ಮುಂಚೆ. ಫೈಕಸ್‌ಗೆ ಬೆಚ್ಚಗಿದ್ದು ಜೋರಾಗಿ ಬೆಳೆಯುತ್ತಿರುವಾಗ. ಜೇಡ್‌ನ ಬೇರು ಕತ್ತರಿಸಿದ ಮೇಲೆ ಕೆಲವು ದಿನ ನೀರು ಹಾಕಬೇಡಿ, ಗಾಯ ಒಣಗಲಿ.

ಬೇರು ಕತ್ತರಿಸುವುದು ಹಿಂಸೆಯಲ್ಲವಾ ಅಂತ ನನ್ನನ್ನು ಕೇಳಿದವರಿದ್ದಾರೆ. ವಾಷಿಂಗ್ಟನ್‌ನ ಬೋನ್ಸಾಯ್ ಸಂಗ್ರಹಾಲಯದಲ್ಲಿ ಯಾಮಾಕಿ ಪೈನ್ ಅನ್ನುವ ಒಂದು ಮರ ಇದೆ. 1625ರಿಂದ ಅದನ್ನು ಬೋನ್ಸಾಯ್ ಆಗಿ ಬೆಳೆಸಿಕೊಂಡು ಬಂದಿದ್ದಾರೆ. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಯಾಮಾಕಿ ಕುಟುಂಬದ ತೋಟದ ಗೋಡೆಯ ಮರೆಯಲ್ಲಿ ಉಳಿದುಕೊಂಡಿತು. 1976ರಲ್ಲಿ ಆ ಕುಟುಂಬ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟಿತು. ಇಷ್ಟು ಕಾಲವೂ ಕುಂಡದಲ್ಲೇ, ಮತ್ತೆ ಮತ್ತೆ ಬೇರು ಕತ್ತರಿಸಿಕೊಂಡೇ ಅದು ಬಾಳಿದೆ. ಕತ್ತರಿಸಿದ ಕಡೆ ಹೊಸ ಎಳೆ ಬೇರು ಒಡೆಯುತ್ತದೆ. ನೀರು, ಸಾರ ಎಳೆಯುವುದು ಆ ಎಳೆ ಬೇರುಗಳೇ.

ಗೊಬ್ಬರ, ತಂತಿ, ಹುಳ

ಇವುಗಳಲ್ಲಿ ಆಯ್ಕೆ ಸುಲಭ. ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ನೆನಪಿಟ್ಟು ಹಾಕಬಲ್ಲಿರಾದರೆ ದ್ರವ ಗೊಬ್ಬರ, ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣದಲ್ಲಿ. ಮರೆಯುವವರಿಗೆ ನಿಧಾನವಾಗಿ ಕರಗುವ ಗುಳಿಗೆ. ಸೊರಗಿದ ಮರಕ್ಕೂ, ಹೊಸದಾಗಿ ಮಣ್ಣು ಬದಲಿಸಿದ ಮರಕ್ಕೂ ಒಂದೂವರೆ ತಿಂಗಳು ಯಾವುದೂ ಬೇಡ.

ತಂತಿ ಅಲ್ಯೂಮಿನಿಯಂದೇ ಇರಲಿ. ಮೆತ್ತಗೆ, ಸುತ್ತುವಾಗ ತಪ್ಪಿದರೆ ಬಿಚ್ಚಿ ಮತ್ತೆ ಸುತ್ತಬಹುದು. ತಾಮ್ರ ಒಮ್ಮೆ ಬಾಗಿಸಿದ ಮೇಲೆ ಬಿಗಿಯಾಗುತ್ತದೆ, ಅದು ಪೈನ್ ಬೆಳೆಸುವ ಪಳಗಿದ ಕೈಗೆ. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ತಂತಿ, 45 ಡಿಗ್ರಿ ಓರೆಯಲ್ಲಿ ಸುತ್ತಿ. ಫೈಕಸ್ ಬೇಗ ದಪ್ಪಗಾಗುವುದರಿಂದ ಕೆಲವೇ ವಾರದಲ್ಲಿ ತಂತಿ ತೊಗಟೆಗೆ ಕಚ್ಚಿಕೊಳ್ಳುತ್ತದೆ. ವಾರ ವಾರ ನೋಡಿ. ತೆಗೆಯುವಾಗ ಬಿಡಿಸಲು ಹೋಗದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಆಕಾರ ಕೊಡುವುದರಲ್ಲಿ ತಂತಿಗಿಂತ ಕತ್ತರಿಯ ಪಾಲೇ ಹೆಚ್ಚು. ಚಿಗುರು ಆರರಿಂದ ಎಂಟು ಎಲೆ ಬಿಡುವವರೆಗೆ ಬೆಳೆಯಲಿ, ಆಮೇಲೆ ಎರಡು ಎಲೆ ಉಳಿಸಿ ಕತ್ತರಿಸಿ. ಮರದ ಬಲವೆಲ್ಲ ನೆತ್ತಿಗೆ ಹೋಗುತ್ತದೆ. ಹಾಗಾಗಿ ಮೇಲೆ ಧಾರಾಳವಾಗಿ, ಕೆಳಗಿನ ಕೊಂಬೆಗಳಲ್ಲಿ ಕೈ ಬಿಗಿ ಹಿಡಿದು ಕತ್ತರಿ ಆಡಿಸಿ.

ಎಲೆ ಮಂಕಾಗಿ ಸಣ್ಣ ಚುಕ್ಕೆ ಕಂಡರೆ ಬಿಳಿ ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು ತಟ್ಟಿ. ಬಿದ್ದ ಧೂಳಿನ ಕಣ ನಡೆದಾಡಿದರೆ ಅದು ನುಸಿ. ಮೊದಲು ಎಲೆಯ ಅಡಿಭಾಗಕ್ಕೆ ಬೀಳುವ ಹಾಗೆ ನೀರಿನಿಂದ ಜೋರಾಗಿ ತೊಳೆಯಿರಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಮೇಲೆ ಸೋಪಿನ ನೀರಲ್ಲಿ ಬೆರೆಸಿದ ಬೇವಿನೆಣ್ಣೆ, ವಾರಕ್ಕೊಮ್ಮೆ, ಮೂರು ಸಲ, ಬಿಸಿಲಿಲ್ಲದ ಹೊತ್ತಿನಲ್ಲಿ. ಹತ್ತಿಯಂತೆ ಅಂಟಿಕೊಂಡ ಹಿಟ್ಟು ತಿಗಣೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಕಡ್ಡಿ ಸಾಕು.

ಸಿದ್ಧ ಮರವೋ, ಎಳೆ ಗಿಡವೋ, ಬೀಜವೋ

'ಬೋನ್ಸಾಯ್ ಬೀಜ' ಅಂತ ಪೊಟ್ಟಣ ಮಾರುತ್ತಾರೆ. ಅಂಥ ಬೀಜ ಇಲ್ಲ, ಒಳಗಿರುವುದು ಸಾಮಾನ್ಯ ಮರದ ಬೀಜ. ಬೀಜದಿಂದ ಶುರುಮಾಡಿದರೆ ಕತ್ತರಿ ಹಿಡಿಯುವ ಹೊತ್ತಿಗೆ ವರ್ಷಗಳೇ ಕಳೆಯುತ್ತವೆ. ಫೈಕಸ್, ಜೇಡ್ ಎರಡಕ್ಕೂ ಕೊಂಬೆ ನೆಡುವುದು ಎಷ್ಟೋ ಬೇಗ. ಜೇಡ್ ಕೊಂಬೆಯ ಕತ್ತರಿಸಿದ ತುದಿ ಕೆಲವು ದಿನ ಒಣಗಲಿ, ಆಮೇಲೆ ನೆಡಿ.

ಮೊದಲ ಸಲ ತರುವವರಿಗೆ ನನ್ನ ಸಲಹೆ ನರ್ಸರಿಯ ಸಾಮಾನ್ಯ ಕುಂಡದ ಎಳೆ ಗಿಡ. ಬುಡದಲ್ಲಿ ದಪ್ಪಗಿದ್ದು ಮೇಲಕ್ಕೆ ಹೋದಂತೆ ಸಪೂರವಾಗುವ ಕಾಂಡ, ಸುತ್ತಲೂ ಹರಡಿದ ಬೇರು ಇರುವುದನ್ನು ಹುಡುಕಿ. ಎಲ್ಲಿ ಕತ್ತರಿಸಬೇಕು ಅಂತ ನೀವೇ ನಿರ್ಧರಿಸುವ ಸಂತೋಷ ಇದರಲ್ಲಿದೆ, ತಪ್ಪಾದರೂ ಮರ ಸುಧಾರಿಸಿಕೊಳ್ಳುತ್ತದೆ. ಸಿದ್ಧ ಮರವೇ ಬೇಕು ಅಂದರೆ ಕೊಳ್ಳುವ ಮುಂಚೆ ಕಾಂಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಮಣ್ಣಲ್ಲಿ ಸಡಿಲವಾಗಿ ಆಡಿದರೆ ಬೇರು ಸರಿಯಾಗಿ ಹಿಡಿದಿಲ್ಲ. ಕುಂಡ ಎತ್ತಿ ತೂತು ನೋಡಿ. ಮೇಲಿನ ಬಣ್ಣದ ಕಲ್ಲುಗಳನ್ನು ಬೆರಳಿನಿಂದ ಸರಿಸಿ. ಅಲುಗದಿದ್ದರೆ ಸಾಗಿಸುವಾಗ ಬೀಳದಿರಲಿ ಅಂತ ಅಂಟು ಹಾಕಿದ್ದಾರೆ ಅಂತ ಅರ್ಥ. ಅಂಥ ಮರ ತಂದರೆ ಮೊದಲ ದಿನವೇ ಒಂದು ಮೊಂಡ ಚಾಕುವಿನಿಂದ ಆ ಕಲ್ಲಿನ ಪದರ ಎಬ್ಬಿಸಿ ತೆಗೆಯಿರಿ. ಅದಿರುವವರೆಗೆ ನೀರು ಒಳಗೆ ಇಳಿಯುವುದೂ ಕಷ್ಟ, ಮಣ್ಣಿನ ಹದ ನೋಡುವುದೂ ಆಗದು.

ಕಲ್ಲು ತೆಗೆದದ್ದು ಬಿಟ್ಟರೆ ಮೊದಲ ತಿಂಗಳು ಬೇರೇನೂ ಮಾಡಬೇಡಿ. ಮಣ್ಣು ಬದಲಿಸುವುದು, ಕತ್ತರಿ, ತಂತಿ, ಗೊಬ್ಬರ ಎಲ್ಲ ಆಮೇಲೆ. ಮನೆಯಲ್ಲಿ ಬೇರೆ ಗಿಡಗಳಿದ್ದರೆ ಎರಡು ವಾರ ದೂರ ಇಡಿ, ಹುಳ ಇದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ಫೈಕಸ್ ಆದರೆ ಈ ತಿಂಗಳಲ್ಲಿ ಒಂದಿಷ್ಟು ಎಲೆ ಉದುರಿಸಿಯೇ ಉದುರಿಸುತ್ತದೆ. ಆಗ ಗಾಬರಿಯಾಗಿ ನೀರು ಹೆಚ್ಚಿಸಬೇಡಿ. ಎಲೆ ಕಡಿಮೆಯಾದ ಮರ ನೀರು ಕುಡಿಯುವುದೂ ಕಡಿಮೆ. ಅನುಮಾನ ಬಂದರೆ ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಮರ ಬದುಕಿದೆ. ಅದೇ ಕಿಟಕಿಯಲ್ಲಿ, ಅದೇ ಜಾಗದಲ್ಲಿ ಬಿಡಿ. ಕೆಲವು ವಾರಗಳಲ್ಲಿ ಎಲೆ ಉದುರಿದ ಗೆಣ್ಣಿನಲ್ಲೇ ತಿಳಿಹಸಿರು ಮೊನೆಯೊಂದು ಹೊರಬರುತ್ತದೆ.